ಶೆಲ್ಟರ್‌ನಿಂದ ತಂದ ನಾಯಿ ಮಂಚದ ಕೆಳಗಿಂದ ಈಚೆಗೇ ಬರುತ್ತಿಲ್ಲ, ಏನು ಮಾಡೋದು?

ಮೊದಲು ಆ ಬಿಸ್ಕೆಟ್ ಹಿಡಿದು ಕರೆಯೋದನ್ನ ನಿಲ್ಲಿಸಿ. ನಾಯಿ ಬಂದು ಐದು ದಿನ ಆಯ್ತು, ಬಿಸ್ಕೆಟ್ ತೋರಿಸಿದರೆ ಕಿತ್ಕೊಂಡು ಮತ್ತೆ ಮಂಚದಡಿ ಸೇರುತ್ತೆ, ಯಜಮಾನ್ರು ಹತ್ತಿರ ಹೋದರೆ ಗುರ್ ಅನ್ನುತ್ತೆ, ವಾಪಸ್ ಕೊಟ್ಟುಬಿಡೋದಾ ಅಂತ ಕೇಳಿದ್ದೀರಿ. ಐದೇ ದಿನಕ್ಕೆ ಆ ಮಾತು ಬೇಡ. 3 ದಿನ ಗಾಬರಿ, 3 ವಾರಕ್ಕೆ ಮನೆಯ ರೂಢಿ, 3 ತಿಂಗಳಿಗೆ ಸಲಿಗೆ ಅಂತ ನಾಯಿ ಸಾಕುವವರು ಹೇಳೋದುಂಟು. ಅದು ಬರೀ ಅಂದಾಜು, ತುಂಬಾ ಹೆದರಿದ ನಾಯಿಗೆ ಇನ್ನೂ ಜಾಸ್ತಿಯೇ ಹಿಡಿಯುತ್ತೆ.

ಬಿಸ್ಕೆಟ್ ಯಾಕೆ ಬೇಡ ಅಂದರೆ, ಕೈ ಚಾಚಿ ಕರೆದಾಗ ನಾಯಿಗೆ ಒಂದು ಕಡೆ ಆಸೆ, ಇನ್ನೊಂದು ಕಡೆ ಭಯ. ಆಸೆಗೆ ಹತ್ತಿರ ಬಂದು ತಿನ್ನುತ್ತೆ, ತಿಂದಾದ ಮೇಲೆ ತಲೆ ಎತ್ತಿದರೆ ಮುಖದ ಎದುರಿಗೇ ಮನುಷ್ಯ! ಎಷ್ಟೋ ನಾಯಿಗಳು ಕಚ್ಚೋದು ಆವಾಗಲೇ. ಅದರ ಬದಲು ಸ್ವಲ್ಪ ದೂರದಲ್ಲಿ, ಅದಕ್ಕೆ ಪಕ್ಕೆ ಕೊಟ್ಟು ನೆಲದ ಮೇಲೆ ಕೂತ್ಕೊಳ್ಳಿ. ದಿಟ್ಟಿಸಿ ನೋಡಬೇಡಿ. ಬೇಯಿಸಿದ ಚಿಕನ್ ಚೂರನ್ನ ಅದರ ಹಿಂದಕ್ಕೆ, ನಿಮ್ಮಿಂದ ಇನ್ನೂ ದೂರ ಬೀಳೋ ಹಾಗೆ ಎಸೆಯಿರಿ. ದೂರ ಹೋದಷ್ಟೂ ಅದಕ್ಕೆ ನಿರಾಳ, ಅಲ್ಲೇ ತಿಂಡಿಯೂ ಸಿಗುತ್ತೆ. ಆಮೇಲೆ ಇನ್ನೊಂದು ಚೂರು ಸಿಗಬಹುದಾ ಅಂತ ತಾನಾಗೇ ನಿಮ್ಮ ಕಡೆ ಎರಡು ಹೆಜ್ಜೆ ಇಡುತ್ತೆ. ಆಗಲೂ ಹಿಂದಕ್ಕೇ ಎಸೆಯಿರಿ.

ನಮ್ಮ ಚಿನ್ನಿಯೂ ಶೆಲ್ಟರ್‌ನಿಂದ ಬಂದವಳೇ, ಇಲ್ಲೇ ತುಮಕೂರಿನ ಮನೆಗೆ. ಅವಳು ಮೊದಲು ಮೂಸಿದ್ದು ನನ್ನ ಲುಂಗಿ ಅಂಚನ್ನ. ಹಿಂಗಾಲು ಎರಡೂ ದೂರದಲ್ಲೇ ಊರಿದ್ದಾಳೆ, ಮೈ ಮಾತ್ರ ರಬ್ಬರ್ ಬ್ಯಾಂಡ್ ಥರ ಎಳ್ಕೊಂಡು ಮುಂದಕ್ಕೆ ಬಂದಿದೆ. ನಾಯಿ ಹೀಗೆ ಬಂದರೆ ಇನ್ನೂ ಓಡೋಕೆ ರೆಡಿಯಾಗೇ ಇದೆ ಅಂತ ಅರ್ಥ, ಮುಟ್ಟೋಕೆ ಹೋಗಬೇಡಿ. ನಾಲ್ಕೂ ಕಾಲು ಸಡಿಲ ಬಿಟ್ಟು ಪಕ್ಕಕ್ಕೆ ಬಂದು ನಿಂತ ಮೇಲೆ ಎದೆ ಹತ್ತಿರ ಸ್ವಲ್ಪ ಕೆರೆದು ಕೈ ತೆಗೆಯಿರಿ. ಬೇಕಿದ್ದರೆ ಅದೇ ಒತ್ತಿಕೊಂಡು ಬರುತ್ತೆ. ತಲೆ ಮೇಲಿಂದ ಕೈ ತರಲೇಬೇಡಿ.

ಗುರ್ ಅಂದರೆ ಗದರಬೇಡಿ. ಅದು ಪಾಪ ದೂರ ಇರಿ ಅಂತ ಹೇಳ್ತಾ ಇದೆ, ಬೈದು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಹೇಳದೇ ಕಚ್ಚಬಹುದು. ಎಷ್ಟೋ ಹೆದರಿದ ನಾಯಿಗಳಿಗೆ ಹೆಂಗಸರಿಗಿಂತ ಗಂಡಸರನ್ನ ಕಂಡರೆ ಜಾಸ್ತಿ ಭಯ, ಯಜಮಾನ್ರು ಬೇಜಾರು ಮಾಡ್ಕೊಳ್ಳೋದು ಬೇಡ. ಊಟದ ತಟ್ಟೆ ಅವರೇ ಇಡಲಿ. ಇಟ್ಟು, ಮಾತಾಡಿಸದೆ, ತಿರುಗಿ ನೋಡದೆ ಬಂದುಬಿಡಲಿ. ಊಟಕ್ಕೆ ಸಾಂಬಾರ್ ಅನ್ನ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ.

ಮನೆಯ ನೆಲ ಟೈಲ್ಸ್ ಆಗಿದ್ದರೆ ಮಂಚದಿಂದ ನೀರಿನ ಬಟ್ಟಲವರೆಗೆ ಗೋಣಿಚೀಲ ಹಾಸಿ. ಕಾಲು ಜಾರುತ್ತೆ ಅನ್ನೋ ಭಯಕ್ಕೇ ಎಷ್ಟೋ ನಾಯಿಗಳು ಕೂತಲ್ಲಿಂದ ಏಳಲ್ಲ. ಕುಕ್ಕರ್ ಕೂಗುವಾಗ ಅಡುಗೆಮನೆ ಬಾಗಿಲು ಹಾಕ್ಕೊಳ್ಳಿ. ಇನ್ನು ನಾಯಿ ನೋಡೋಕೆ ಅಂತ ಬರೋ ನೆಂಟರು, ಅಕ್ಕಪಕ್ಕದ ಮಕ್ಕಳು. ಒಂದು ತಿಂಗಳು ಬಿಟ್ಟು ಬನ್ನಿ ಅಂತ ಮುಖದ ಮೇಲೆ ಹೇಳಿ, ಇದರಲ್ಲಿ ದಾಕ್ಷಿಣ್ಯ ಬೇಡ.

ಹೊರಗೆ ಕರ್ಕೊಂಡು ಹೋಗುವಾಗ ಬರೀ ಕತ್ತಿನ ಬೆಲ್ಟ್ ನಂಬಬೇಡಿ. ಗಾಬರಿಯಾದ ನಾಯಿ ಹಿಂದಕ್ಕೆ ಜಗ್ಗಿದರೆ ಅದು ತಲೆಯಿಂದ ಕಳಚಿಕೊಳ್ಳುತ್ತೆ. ಎದೆಗೆ ಹಾಕೋ ಹಾರ್ನೆಸ್ ಮತ್ತು ಬೆಲ್ಟ್ ಎರಡಕ್ಕೂ ಹಗ್ಗ ಇರಲಿ, ಗೇಟಿಗೆ ಚಿಲಕ ಬಿದ್ದಿರಲಿ. ಬಿ.ಎಚ್. ರಸ್ತೆಯಂಥ ಟ್ರಾಫಿಕ್ ಕಡೆ ಸದ್ಯಕ್ಕೆ ಬೇಡವೇ ಬೇಡ, ಬೀದಿ ನಾಯಿಗಳು ಕಮ್ಮಿ ಇರೋ ಹೊತ್ತು ನೋಡಿ ಮನೆ ಮುಂದೆ ಓಡಾಡಿಸಿದರೆ ಸಾಕು.

ಮೂಲೆ ಹಿಡಿಯೋದಕ್ಕೆಲ್ಲ ಭಯವೇ ಕಾರಣ ಅಂದ್ಕೋಬೇಡಿ. ರಕ್ತ ಹೀರೋ ಉಣ್ಣೆ ಹುಳದಿಂದ ಬರೋ ಜ್ವರದಲ್ಲೂ ನಾಯಿ ಹೀಗೇ ಮಂಕಾಗಿ ಬಿದ್ದಿರುತ್ತೆ, ಊಟ ಬಿಡುತ್ತೆ. ವಸಡು ಬಿಳಿಚಿಕೊಂಡಿದ್ದರೆ ಅಥವಾ ಒಂದಿಡೀ ದಿನ ನೀರೇ ಮುಟ್ಟದಿದ್ದರೆ ಪಶು ವೈದ್ಯರಿಗೆ ತೋರಿಸಿ. ಶೆಲ್ಟರ್‌ನವರ ಹತ್ತಿರ ಲಸಿಕೆ ಕಾರ್ಡ್ ಕೇಳಿ ಇಟ್ಕೊಳ್ಳಿ. ಅಕಸ್ಮಾತ್ ಹಲ್ಲು ತಾಗಿದರೆ ಗಾಯವನ್ನ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಕಾರ್ಡ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ.