ಆಲೆಮನೆಯ ಚಿತ್ರಕಥೆಗೆ ಓದುಗರನ್ನು ಹುಡುಕುವ ಬಗ್ಗೆ

ಮದ್ದೂರಿನ ಗೆಳೆಯರಿಗೆ ನಮಸ್ಕಾರ.

ಎರಡು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲಿ ಕಂತು ಕಂತಾಗಿ ಹಾಕುತ್ತಿರುವ ನಿಮ್ಮ ಆಲೆಮನೆಯ ಚಿತ್ರಕಥೆಯನ್ನು (ಕಾಮಿಕ್ಸ್) ಯಾರೂ ಗುರುತಿಸುತ್ತಿಲ್ಲವೆಂದೂ, ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋಗಬೇಕೇ ಎಂದೂ, ಇದೇ ಹುಚ್ಚಿರುವ ನಾಲ್ಕು ಜನರ ಒಡನಾಟ ಮೈಸೂರು, ಮಂಡ್ಯದ ಕಡೆ ಎಲ್ಲಿ ಸಿಕ್ಕೀತೆಂದೂ, ಕೆಲಸ ಬಿಟ್ಟು ಇದನ್ನೇ ಮಾಡಲೇ ಎಂದೂ ನಮ್ಮ ಈ ಗುಂಪಿನಲ್ಲಿ ಕೇಳಿದ್ದೀರಿ. ನನಗಿಂತ ಮೊದಲು ಉತ್ತರಿಸಿದವರಲ್ಲಿ ಹಲವರು ದಿನಕ್ಕೊಂದು ರೀಲ್ ಹಾಕಿ ಎಂದು ಸಲಹೆ ಕೊಟ್ಟಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಉಳಿಯುವ ಹೊತ್ತಿನಲ್ಲಿ ರೀಲ್ ಮಾಡುತ್ತ ಕುಳಿತರೆ ಪುಟ ಬರೆಯುವುದು ಯಾವಾಗ?

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಹಂಬಲಗಳು ಬೆರೆತಿವೆ. ಚಿತ್ರ ಬರೆಯುವ ಇತರರು ನಿಮ್ಮ ಗೆರೆ ನೋಡಿ ಕೈ ಕುದುರಿದೆ ಎನ್ನಬೇಕೆಂಬುದು ಒಂದು. ಕಥೆ ಓದಿದವರು ಮುಂದಿನ ಕಂತಿಗೆ ಕಾಯಬೇಕೆಂಬುದು ಇನ್ನೊಂದು. ಇವೆರಡನ್ನೂ ಒಂದೇ ಜಾಗದಲ್ಲಿ ಹುಡುಕುತ್ತಿರುವುದರಿಂದ ಎರಡೂ ಸಿಗದಂತಾಗಿದೆ. ನಿಮ್ಮ ಖಾತೆಯನ್ನು ಹಿಂಬಾಲಿಸುತ್ತಿರುವವರ ಪಟ್ಟಿ ನೋಡಿದೆ. ಹೆಚ್ಚಿನವರು ಹೊರ ರಾಜ್ಯಗಳ ಕಲಾವಿದರು. ಅವರು ನಿಮ್ಮ ಬಣ್ಣವನ್ನು ನಿಜವಾಗಿಯೂ ಮೆಚ್ಚಿ ಲೈಕ್ ಒತ್ತುತ್ತಾರೆ, ಆದರೆ ಕನ್ನಡ ಬಾರದ ಕಾರಣ ಮಾತನ್ನು ಓದುವುದಿಲ್ಲ. ಕನ್ನಡ ಓದಬಲ್ಲವರು, ಅದರಲ್ಲೂ ಕೊಪ್ಪರಿಗೆಯ ಮುಂದೆ ನಿಂತು ಬಿಸಿ ಬೆಲ್ಲ ತಿಂದು ಬೆಳೆದವರು, ಆ ಖಾತೆಯವರೆಗೆ ಇನ್ನೂ ಬಂದೇ ಇಲ್ಲ. ಬಾರದವರು ಮೆಚ್ಚಲಿಲ್ಲವೆಂದು ಕಥೆಯನ್ನು ದೂರುವುದು ಸರಿಯಲ್ಲ.

ಹಿಂದೆ ಓದುಗರನ್ನು ತಂದುಕೊಡುವ ಹೊಣೆ ಪತ್ರಿಕೆಗಳದಾಗಿತ್ತು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಆರ್.ಕೆ. ಲಕ್ಷ್ಮಣ್ ಅವರು ಆರಂಭದ ದಿನಗಳಲ್ಲಿ ‘ಕೊರವಂಜಿ’ಗೆ ವ್ಯಂಗ್ಯಚಿತ್ರ ಬರೆದರು, ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಆ ಹಾಸ್ಯ ಮಾಸಪತ್ರಿಕೆಯೇ ಚಿತ್ರಗಳನ್ನು ಓದುಗರ ಮನೆಗೆ ಮುಟ್ಟಿಸುತ್ತಿತ್ತು, ಚಿತ್ರಕಾರರು ಅದಕ್ಕಾಗಿ ಅಲೆಯಬೇಕಾಗಿರಲಿಲ್ಲ. ಇಂದು ಸ್ವತಂತ್ರವಾಗಿ ಚಿತ್ರಕಥೆ ಮಾಡುವವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ ನಿಜ, ಆದರೆ ಸಂಪಾದಕ, ಕರಡು ತಿದ್ದುವವ, ಹಂಚುವವ ಎಲ್ಲರೂ ಅವರೇ. ಹಂಚುವುದನ್ನೂ ಕೆಲಸವೆಂದೇ ಎಣಿಸಿ, ಅದಕ್ಕೆ ವಾರದಲ್ಲಿ ಒಂದು ಹೊತ್ತನ್ನು ಬೇರೆಯಾಗಿ ತೆಗೆದಿಡಿ. ಪುಟ ಬರೆಯುವ ಹೊತ್ತಿನಲ್ಲಿ ಫೋನ್ ಮುಟ್ಟಬೇಡಿ.

ಇಂಗ್ಲಿಷಿನ ವಿಷಯಕ್ಕೆ ಬರೋಣ. ನಿಮ್ಮ ಕಂತುಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಮುದುಕಪ್ಪ ಪಾಕ ನೋಡುವ ಕಂತು. ಕುದಿಯುವ ಪಾಕದಿಂದ ಒಂದಿಷ್ಟು ಎತ್ತಿ ತಣ್ಣೀರಿನ ಬಟ್ಟಲಿಗೆ ಬಿಡುತ್ತಾನೆ, ಎರಡು ಬೆರಳಲ್ಲಿ ಉಂಡೆ ಮಾಡುತ್ತಾನೆ, ಉಂಡೆಯನ್ನು ಕೊಪ್ಪರಿಗೆಯ ಅಂಚಿಗೆ ಎಸೆದು ಸದ್ದಿಗೆ ಕಿವಿಗೊಡುತ್ತಾನೆ, ಆಮೇಲೆ ಒಲೆಯ ಕಡೆ ತಿರುಗಿ ಒಂದೇ ಮಾತು: ‘ಸಾಕು ಬುಡ್ಲಾ.’ ನಾಲ್ಕು ಚೌಕದಲ್ಲಿ ಒಬ್ಬ ಮನುಷ್ಯನ ಇಡೀ ವಿದ್ಯೆ ಬಂದುಬಿಟ್ಟಿದೆ. ಆ ಕಂತಿನ ಕೆಳಗೆ ಪಾಂಡವಪುರದ ಕಡೆಯವರೊಬ್ಬರು ‘ನಮ್ಮಪ್ಪನೂ ಹಿಂಗೇ ನೋಡೋರು’ ಎಂದು ಬರೆದಿದ್ದಾರೆ. ನೀವು ಅವರಿಗೆ ಉತ್ತರವನ್ನೇ ಕೊಟ್ಟಿಲ್ಲ. ನೀವು ಹುಡುಕುತ್ತಿರುವ ಓದುಗರು ಅವರೇ. ಇಂದೇ ಉತ್ತರ ಬರೆಯಿರಿ, ಅವರ ತಂದೆ ಯಾವ ಆಲೆಮನೆಯಲ್ಲಿದ್ದರು ಎಂದು ಕೇಳಿ. ಇತ್ತೀಚಿನ ಕಂತುಗಳಲ್ಲಿ ಪಾತ್ರಗಳ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಇಣುಕುತ್ತಿರುವುದನ್ನೂ ಗಮನಿಸಿದ್ದೇನೆ. ಬಹುಶಃ ಎಲ್ಲರಿಗೂ ಅರ್ಥವಾಗಲಿ ಎಂಬ ಆಸೆಯಿಂದ ಹಾಗೆ ಮಾಡಿದ್ದೀರಿ. ದಯವಿಟ್ಟು ಹಳೆಯ ಮಂಡ್ಯದ ಮಾತಿಗೇ ಮರಳಿ. ಇಂಗ್ಲಿಷ್ ಆವೃತ್ತಿ ಬೇಕೆನಿಸಿದರೆ ಒಂದು ಕಥೆ ಪೂರ್ತಿ ಮುಗಿದ ಮೇಲೆ ಮಾಡಿಕೊಳ್ಳಬಹುದು. ಅದಕ್ಕಾಗಿ ಈಗ ಮಾಡಬೇಕಾದುದು ಇಷ್ಟೇ, ಮಾತು ಮತ್ತು ಅದರ ಸುತ್ತ ಎಳೆಯುವ ಗುಳ್ಳೆಗಳನ್ನು ಚಿತ್ರದಿಂದ ಬೇರೆ ಲೇಯರಿನಲ್ಲಿ (ಪದರದಲ್ಲಿ) ಇಡುವುದು.

ಈಗ ನಿಮಗೆ ಅಷ್ಟು ಇಷ್ಟವಾಗದ ಮಾತು. ನಿಮ್ಮ ಚಿತ್ರಕ್ಕಿಂತ ನಿಮ್ಮ ಅಕ್ಷರ ಬಹಳ ಹಿಂದಿದೆ. ಗುಳ್ಳೆಯೊಳಗೆ ಒಂದು ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತಿದೆ, ಕೆಲವು ಕಡೆ ಒತ್ತು ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಯಾಗಿ ನಿಂತಿದೆ. ಎರಡನೆಯದು ಫೋಟೋಶಾಪಿನ ದೋಷವಾಗಿರುವ ಸಂಭವ ಹೆಚ್ಚು. ಅದರ ಅಕ್ಷರ ಆಯ್ಕೆಗಳಲ್ಲಿ ವರ್ಲ್ಡ್‌-ರೆಡಿ ಲೇಔಟ್ ಎಂಬುದನ್ನು ಆರಿಸಿಕೊಳ್ಳದಿದ್ದರೆ ಕನ್ನಡದ ಒತ್ತು, ಗುಣಿತಗಳು ಸರಿಯಾಗಿ ಕೂರುವುದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ತಂದು ಅಂಟಿಸುತ್ತಿದ್ದರೆ ಅದನ್ನು ನಿಲ್ಲಿಸಿ, ಎಲ್ಲ ಕಡೆ ಒಂದೇ ರೀತಿ ಓದಿಸಿಕೊಳ್ಳುವ ಯೂನಿಕೋಡಿನಲ್ಲೇ ಟೈಪ್ ಮಾಡಿ. ಆಗ ಅದೇ ಮಾತು ಜಾಲತಾಣದಲ್ಲಿಯೂ ಹುಡುಕಾಟದಲ್ಲಿಯೂ ಕೆಲಸಕ್ಕೆ ಬರುತ್ತದೆ. ಬಾಲೂ ತಮ್ಮ, ನೋಟೋ ಸ್ಯಾನ್ಸ್ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯವು, ಮುಂದೆ ಪುಸ್ತಕ ಅಚ್ಚು ಹಾಕಿಸಿ ಮಾರಿದರೂ ತೊಂದರೆಯಿಲ್ಲ. ಅವುಗಳಲ್ಲಿ ಬಾಲೂ ತಮ್ಮದ ದುಂಡು ದಪ್ಪ ಗುಳ್ಳೆಯೊಳಗೆ ಚೆನ್ನಾಗಿ ಕೂರುತ್ತದೆ. ಇಂಗ್ಲಿಷಿನ ಅಳತೆಗೆ ಬರೆದ ಗುಳ್ಳೆ ಕನ್ನಡಕ್ಕೆ ಸಾಲದು. ನಮ್ಮ ಸಾಲಿಗೆ ಕೆಳಗೂ ಜಾಗ ಬೇಕು, ಪದಗಳೂ ಉದ್ದ. ಆದ್ದರಿಂದ ಮೊದಲು ಮಾತನ್ನು ಜೋಡಿಸಿ, ಸಾಲಿನ ನಡುವೆ ಧಾರಾಳವಾಗಿ ಅಂತರ ಬಿಟ್ಟು, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ. ಪುಟ ಮುಗಿದ ಮೇಲೆ ಅದನ್ನು ಕಂಪ್ಯೂಟರಿನಲ್ಲಿ ಅಲ್ಲ, ಮನೆಯಲ್ಲಿರುವ ಅತಿ ಚಿಕ್ಕ ಫೋನಿನಲ್ಲಿ, ಕನ್ನಡಕ ಹಾಕುವವರೊಬ್ಬರ ಕೈಗೆ ಕೊಟ್ಟು ಓದಿಸಿ. ನನ್ನ ಕೇಳಿದರೆ ಕೈಬರಹವೇ ಎಲ್ಲಕ್ಕಿಂತ ಮೇಲು. ನಿಮ್ಮ ಶೀರ್ಷಿಕೆಯ ಅಕ್ಷರ ನೋಡಿದ ಮೇಲೆ ಅದು ನಿಮ್ಮಿಂದ ಆಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ. ತಂತ್ರಾಂಶದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಉಚಿತವಾಗಿ ಸಿಗುವ ಕ್ರಿಟಾದಲ್ಲಿ ಚಿತ್ರ, ಇಂಕ್‌ಸ್ಕೇಪಿನಲ್ಲಿ ಅಕ್ಷರ ಎಂದು ಹಂಚಿಕೊಂಡರೆ ಸಾಕು.

ಅಳತೆಯ ಬಗ್ಗೆ ಒಂದು ಮಾತು. ಫೋನಿನಲ್ಲಿ ಉದ್ದಕ್ಕೆ ಸರಿಸುತ್ತ ಓದುವ ಚಿತ್ರಕಥೆಗೆ 800 ಪಿಕ್ಸೆಲ್ ಅಗಲ ರೂಢಿಯಲ್ಲಿದೆ, ಆದರೆ ಆ ಅಗಲದಲ್ಲೇ ಬರೆದಿಟ್ಟರೆ ಮುಂದೆ ಕಾಗದಕ್ಕೆ ಬಾರದು. ಎ5 ಪುಟ (ಎ4 ಹಾಳೆಯ ಅರ್ಧ) 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಅಚ್ಚಾಗಬೇಕಾದರೆ 1748 × 2480 ಪಿಕ್ಸೆಲ್ ಬೇಕು. ಹಾಗಾಗಿ ಕನಿಷ್ಠ ಎರಡೂವರೆ ಪಟ್ಟು ಅಗಲದಲ್ಲಿ ಬರೆದು, ಜಾಲಕ್ಕೆ ಹಾಕುವಾಗ ಕುಗ್ಗಿಸಿ.

ಹಾಕುವ ಜಾಗ. ವೆಬ್‌ಟೂನ್, ಅಂದರೆ ಫೋನಿನಲ್ಲಿ ಸರಿಸುತ್ತ ಓದುವ ಚಿತ್ರಕಥೆಗಳ ಹೊರದೇಶದ ದೊಡ್ಡ ವೇದಿಕೆಗಳ ಭಾಷೆಗಳ ಸಾಲಿನಲ್ಲಿ ಕನ್ನಡವಿಲ್ಲ, ಅಲ್ಲಿ ಕನ್ನಡದ ಕಥೆ ಗುಂಪಿನಲ್ಲಿ ಗೋವಿಂದವಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ 2024ರಿಂದ ಒಂದು ಪೋಸ್ಟಿಗೆ 20 ಚಿತ್ರದವರೆಗೆ ಹಾಕಬಹುದಾದ್ದರಿಂದ ಒಂದು ಕಂತು ಸಲೀಸಾಗಿ ಹಿಡಿಯುತ್ತದೆ, ಆದರೆ ಅಲ್ಲಿ ಕೊನೆಯ ಕಂತು ಮೊದಲು ಕಾಣುತ್ತದೆ. ಹೊಸಬರೊಬ್ಬರು ಬಂದು ಕಥೆಯ ಮೊದಲು ಎಲ್ಲಿದೆ ಎಂದು ಕೆಳಗೆ ಕೆಳಗೆ ಹೋಗಿ ಹುಡುಕುವ ತಾಳ್ಮೆಯನ್ನು ನಾವು ನಿರೀಕ್ಷಿಸಬಾರದು. ಬ್ಲಾಗರಿನಂಥ ಉಚಿತ ತಾಣದಲ್ಲಿ ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಕ್ರಮವಾಗಿ ಜೋಡಿಸಿ, ಪ್ರತಿ ಕಂತಿನ ಕೊನೆಗೆ ಮುಂದಿನದರ ಕೊಂಡಿ ಕೊಡಿ. ಇದಕ್ಕಿಂತ ಮುಖ್ಯವಾದದ್ದು ವಾಟ್ಸಾಪ್. ನಮ್ಮ ಕಡೆ ಐವತ್ತು ದಾಟಿದ ಓದುಗರೆಲ್ಲ ಇರುವುದು ಅಲ್ಲಿಯೇ. ಒಂದು ಪುಟ್ಟ ಕಥೆ ಮುಗಿದ ಕೂಡಲೇ ಅದನ್ನು ಪಿಡಿಎಫ್ ಮಾಡಿ ಡಾಕ್ಯುಮೆಂಟಾಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಕುಗ್ಗಿ ಅಕ್ಷರ ಮಸುಕಾಗುತ್ತದೆ. ಫಾರ್ವರ್ಡ್ ಮಾಡುವವರು ತಮಗೆ ಬೇಕಾದ ಚೌಕವನ್ನಷ್ಟೇ ಕತ್ತರಿಸಿ ಕಳಿಸುತ್ತಾರೆ, ಆಗ ಮೂಲೆಯಲ್ಲಿ ಬರೆದ ಹೆಸರು ಮೊದಲು ಹಾರಿಹೋಗುತ್ತದೆ. ಹೆಸರನ್ನು ಚಿತ್ರದೊಳಗೇ ಸೇರಿಸಿ: ಬೆಲ್ಲದ ಮೂಟೆಯ ಮೇಲೆ, ಎತ್ತಿನ ಗಾಡಿಯ ಹಲಗೆಯ ಮೇಲೆ, ಗೋಡೆಬರಹದಲ್ಲಿ.

ಎಷ್ಟು ದಿನಕ್ಕೊಮ್ಮೆ ಹಾಕಬೇಕೆಂಬುದನ್ನು ನಿಮ್ಮ ಮನೆಯ ಕೆಲಸ ನೋಡಿ ತೀರ್ಮಾನಿಸಿ. ತಿಂಗಳಿಗೆ ಎರಡು ಕಂತು ತಪ್ಪದೆ ಬಂದರೆ ಧಾರಾಳ. ಮೂರು ಕಂತುಗಳು ಕೈಯಲ್ಲಿ ಸಿದ್ಧವಿರುವಾಗ ಮಾತ್ರ ಮೊದಲನೆಯದನ್ನು ಬಿಡಿ, ಕಬ್ಬು ಕಡಿಯುವ ಕಾಲಕ್ಕೆ ಬಿಡುವು ಬೇಕಾದರೆ ಮುಂಚೆಯೇ ತಿಳಿಸಿ. ಕೆಲಸ ಬಿಟ್ಟು ಇದನ್ನೇ ಮಾಡಲೇ ಎಂದು ಕೇಳಿದ್ದೀರಲ್ಲ, ಈಗ ಬೇಡ.

ಇನ್ನು ಒಡನಾಟ. ಮೈಸೂರಿನಲ್ಲಿ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಇದೆ. ಅಲ್ಲಿನ ವಿದ್ಯಾರ್ಥಿಗಳಲ್ಲಿ ಚಿತ್ರಕಥೆಯ ಆಸಕ್ತಿ ಇರುವವರು ಖಂಡಿತ ಸಿಗುತ್ತಾರೆ, ಪ್ರದರ್ಶನ ನಡೆಯುವಾಗ ಹೋಗಿ ಮಾತನಾಡಿಸಿ. ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆಯ ಹತ್ತಿರದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ನೋಡಿ. ಆದರೆ ದೊಡ್ಡ ಸಂಘಕ್ಕಿಂತ ಐದಾರು ಜನರ ಕೂಟ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಸೇರೋಣ ಎಂದು ಈ ಗುಂಪಿನಲ್ಲಿಯೇ ಕರೆ ಕೊಡಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಬೆಳಗಿನ ರೈಲು ಹತ್ತಿದರೆ ಬಿಸಿಲೇರುವ ಮೊದಲೇ ತಲುಪಬಹುದು. ಕೂಟಕ್ಕೆ ಒಂದೇ ನಿಯಮವಿರಲಿ: ಪ್ರತಿಯೊಬ್ಬರೂ ಮುಗಿಯದ ಒಂದು ಪುಟ ತರಬೇಕು. ಮುಗಿದ ಪುಟ ತಂದರೆ ಹೊಗಳಿಕೆ ಬಿಟ್ಟು ಬೇರೇನೂ ಹುಟ್ಟುವುದಿಲ್ಲ, ಪೆನ್ಸಿಲಿನ ಪುಟವಾದರೆ ಪಕ್ಕದವರು ರಬ್ಬರು ಹಿಡಿದು ‘ಈ ಚೌಕ ಬೇಡ’ ಎನ್ನಬಹುದು. ಬರೆದವರು ಮೊದಲು ವಿವರಣೆ ಕೊಡಬಾರದು. ಓದಿದವರು ತಮಗೆ ಏನು ಅರ್ಥವಾಯಿತೆಂದು ಹೇಳಿದ ಮೇಲೆ ಬಾಯಿ ತೆರೆಯಬೇಕು. ಇದರಿಂದ ಕೆಲವರಿಗೆ ಮುನಿಸು ಬರುತ್ತದೆ, ಬರಲಿ.

ಓದುಗರ ಕೂಟ ಬೇರೆಯೇ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕದ ಮಳಿಗೆಗಳಿಗೆ ಬಂದ ಜನರನ್ನು ನೀವೂ ನೋಡಿರಬೇಕು. ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ಬರುವವರೂ ಕನ್ನಡ ಓದುವವರೇ. ಅಂಥ ಕಡೆ ಕೈಗೆ ಕೊಡಲು ಒಂದು ಪುಸ್ತಿಕೆ ಬೇಕು. ಪಾಕದ ಕಂತನ್ನೂ ಅದರ ಹಿಂದೆ ಮುಂದಿನ ಎರಡನ್ನೂ ಸೇರಿಸಿ ಎ5 ಅಳತೆಯಲ್ಲಿ ಹದಿನಾರು ಪುಟ ಮಾಡಿ; ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕೆಂಬುದನ್ನು ಮರೆಯಬೇಡಿ. ಮೊದಲ ಸಲ ಕಪ್ಪು ಬಿಳುಪಿನಲ್ಲಿ, ಹೊದಿಕೆ ಮಾತ್ರ ಬಣ್ಣದಲ್ಲಿ ಸಾಕು. ಪರದೆಯ ಮೇಲೆ ಹೊಳೆಯುವ ಕೆಂಪು, ಕಿತ್ತಳೆ ಕಾಗದದಲ್ಲಿ ಮಂಕಾಗುವುದರಿಂದ ಒಂದು ಪ್ರತಿ ತೆಗೆಸಿ ನೋಡಿದ ಮೇಲೆಯೇ ಉಳಿದದ್ದಕ್ಕೆ ಒಪ್ಪಿಗೆ ಕೊಡಿ. ಹಿಂಬದಿಯಲ್ಲಿ ಯುಪಿಐ ಕ್ಯೂಆರ್ ಮತ್ತು ಮೊದಲ ಕಂತಿನ ಕೊಂಡಿ ಇರಲಿ. ಮುಂದೆ ದೊಡ್ಡ ಪುಸ್ತಕ ಮಾಡುವಾಗ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬೇಕಾದೀತು; ನಮ್ಮ ದೇಶದಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ, ಮಧ್ಯವರ್ತಿಗಳಿಗೆ ಹಣ ಕೊಡಬೇಡಿ.

ಕೊನೆಯದು, ಹೆಸರು ಬರತೊಡಗಿದ ಮೇಲೆ ಎದುರಾಗುವ ವಿಷಯ. ‘ಹಣ ಕೊಡಲಾಗದು, ಆದರೆ ನಿಮ್ಮ ಹೆಸರು ಎಲ್ಲೆಡೆ ಹೋಗುತ್ತದೆ’ ಎಂದು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ನನ್ನ ಪಾತ್ರಗಳನ್ನು ಒಂದು ಸಂಸ್ಥೆ ಹೀಗೆಯೇ ಕೇಳಿ ಪಡೆದು, ಕ್ಯಾಲೆಂಡರಿನಲ್ಲಿ ಹೆಸರಿಲ್ಲದೆ ಅಚ್ಚು ಹಾಕಿಸಿತು. ಕಾನೂನಿನಲ್ಲಿ ನಿಮ್ಮ ಸ್ಥಾನ ದುರ್ಬಲವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ, ಅದು ನಿಮ್ಮ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಉಳಿಯುತ್ತದೆ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ 19ನೇ ಕಲಮಿನಂತೆ ಬರಹದಲ್ಲಿಯೇ, ಸಹಿಯೊಂದಿಗೆ ಆಗಬೇಕು. ಎಷ್ಟು ಕಾಲಕ್ಕೆ ಎಂದು ನಮೂದಿಸದಿದ್ದರೆ ಐದು ವರ್ಷವೆಂದೂ, ಯಾವ ಪ್ರದೇಶಕ್ಕೆ ಎಂದು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ತಿಳಿಯಲಾಗುತ್ತದೆ. ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಕಲಮಿನಡಿ ಉಳಿದೇ ಇರುತ್ತದೆ. ಆದ್ದರಿಂದ ಯಾರಾದರೂ ಕಾಗದ ಕಳಿಸಿದರೆ ‘ಎಲ್ಲ ಹಕ್ಕುಗಳು, ಶಾಶ್ವತವಾಗಿ’ ಎಂಬ ಸಾಲು ಇದೆಯೇ ಎಂದು ಮೊದಲು ನೋಡಿ. ಇದ್ದರೆ ಅದನ್ನು ಹೊಡೆದುಹಾಕಿ, ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ ಎಂದು ಬರೆದು ವಾಪಸು ಕಳಿಸಿ. ಅನುಮಾನ ಬಂದರೆ ಹೆಸರು, ವಿಳಾಸ ಮರೆಮಾಡಿ ಆ ಕಾಗದವನ್ನು ಇಲ್ಲಿಯೇ ಹಾಕಿ, ಗುಂಪಿನಲ್ಲಿ ವಕೀಲರೂ ಇದ್ದಾರೆ, ಸಹಿ ಮಾಡುವ ಮೊದಲು ಅವರು ಒಮ್ಮೆ ಓದಲಿ.