ಡಬ್ಬಾ ಟಿವಿ ಹೋಯ್ತು, ಬಂದೂಕೂ ಹೋಯ್ತು

ಓದುಗರ ಪ್ರಶ್ನೆ: ವಿಜಯಪುರದ ಟಿವಿ ರಿಪೇರಿ ಅಂಗಡಿಯಿಂದ ಉತ್ತರ

ಪ್ರಶ್ನೆ: ಸರ್, ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲೆ ನನ್ನ ಹಳೇ ವಿಡಿಯೋ ಗೇಮ್ ಸಿಕ್ಕಿತು. ಎಲ್‌ಇಡಿ ಟಿವಿಗೆ ಹಾಕಿದೆ. ಮಾರಿಯೋ ಚೆನ್ನಾಗಿ ಓಡುತ್ತಾನೆ. ಬಾತುಕೋಳಿ ಆಟದಲ್ಲಿ ಮಾತ್ರ ಗನ್ ಎಷ್ಟು ಒತ್ತಿದರೂ ಒಂದೂ ಬೀಳಲ್ಲ. ಮಗಳು ನಗ್ತಾಳೆ. ಗನ್ ರಿಪೇರಿ ಆಗುತ್ತಾ? (ಜಮಖಂಡಿ)

ಉತ್ತರ: ದುಡ್ಡು ಖರ್ಚು ಮಾಡಬೇಡ್ರಿ. ಆ ಟಿವಿ ಮುಂದೆ ಹೊಸ ಗನ್ ಹಿಡಿದರೂ ಬಾತುಕೋಳಿ ಬೀಳಲ್ಲ. ಗನ್ನಿನಿಂದ ಏನೋ ಹೊರಟು ಟಿವಿಗೆ ತಾಗುತ್ತೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಪೂರಾ ಉಲ್ಟಾ. ಗನ್ ಸುಮ್ನೆ ನೋಡುತ್ತೆ. ಬಿಚ್ಚಿದರೆ ಒಳಗೆ ಒಂದು ಲೆನ್ಸು, ಅದರ ಹಿಂದೆ ಬೆಳಕು ಗುರುತಿಸುವ ಸಣ್ಣ ಸೆನ್ಸರ್, ಅಷ್ಟೇ. ಟ್ರಿಗರ್ ಒತ್ತಿದ ಕೂಡಲೇ ಪರದೆ ಪೂರ್ತಿ ಕಪ್ಪಾಗುತ್ತೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಷ್ಟೇ ಬಿಳಿ ಚೌಕ ಬರುತ್ತೆ. ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ಸರಿ ಅಂತ ಲೆಕ್ಕ.

ಡಬ್ಬಾ ಟಿವಿ, ಅಂದ್ರೆ ಪಿಕ್ಚರ್ ಟ್ಯೂಬಿನ ಹಳೇ ಟಿವಿ, ಸಿಗ್ನಲ್ ಬಂದ ಹಾಗೇ ಚಿತ್ರ ಬಿಡಿಸುತ್ತಿತ್ತು. ಎಲ್‌ಇಡಿ ಟಿವಿ ಅದನ್ನು ಹಿಡಿದಿಟ್ಟು, ತಿದ್ದಿ, ದೊಡ್ಡದು ಮಾಡಿ ತೋರಿಸುತ್ತೆ. ಅಷ್ಟರಲ್ಲಿ ಗನ್ ನೋಡುವ ಹೊತ್ತು ಮುಗಿದಿರುತ್ತೆ. ಸಾಲದ್ದಕ್ಕೆ ಆ ಸೆನ್ಸರನ್ನು ಪಿಕ್ಚರ್ ಟ್ಯೂಬಿನ ಬೆಳಕಿಗೇ ಹೊಂದಿಸಿರುತ್ತಾರೆ.

ಪರದೆ ಮೊದಲು ಕಪ್ಪಾಗೋದು ಯಾಕೆ? ಬಲ್ಬಿಗೆ ಗುರಿಯಿಟ್ಟು ಕಳ್ಳಾಟ ಆಡಬಾರದು ಅಂತ. 1972ರಲ್ಲಿ ಅಮೆರಿಕದಲ್ಲಿ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿಗೆ ಆ ಜಾಣತನ ಇರಲಿಲ್ಲ. ಮನೆಯಲ್ಲಿ ಆಡುವ ವಿಡಿಯೋ ಗೇಮ್‌ಗಳಲ್ಲಿ ಅದೇ ಮೊದಲನೇದು, ರಾಲ್ಫ್ ಬೇರ್ ಎಂಬ ಇಂಜಿನಿಯರನ ಕೂಸು. ಶಬ್ದ ಇಲ್ಲ, ಬಣ್ಣ ಇಲ್ಲ, ಸ್ಕೋರ್ ನಾವೇ ಬರೆದುಕೊಳ್ಳಬೇಕು. ಬಣ್ಣ ಬೇಕಂದ್ರೆ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಬೇಕು. ಅಂಥದ್ದಕ್ಕೂ ಪ್ರತ್ಯೇಕವಾಗಿ ಒಂದು ಬಂದೂಕು ಮಾರಿದರು ನೋಡ್ರಿ! ದೀಪದ ಕಡೆ ಹಿಡಿದರೂ ಅದಕ್ಕೆ ಗುರಿ ತಾಗಿದ ಹಾಗೇ.

ಬಾತುಕೋಳಿ ಹೊಡೆಯಲೇಬೇಕು ಅಂದ್ರೆ ಗುಜರಿಯಲ್ಲಿ ಪಿಕ್ಚರ್ ಟ್ಯೂಬಿನ ಟಿವಿ ಹುಡುಕಿ. 14 ಇಂಚಿನದಾದರೂ ನಡೆಯುತ್ತೆ. ಹಿಂದಿನ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಕರೆಂಟು ಉಳಿದಿರುತ್ತೆ.

ಪ್ರಶ್ನೆ: ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತಿದೆ. ನಿಜವಾಗಿ ಅಷ್ಟು ಆಟ ಇರುತ್ತಿದ್ದವಾ? ಅಣ್ಣನ ಜೊತೆ ಪಂಥ ಕಟ್ಟಿದ್ದೇನೆ. (ಬೆಳಗಾವಿ)

ಉತ್ತರ: ಇರುತ್ತಿದ್ದವು ಅಂತ ನೀವು ಕಟ್ಟಿದ್ದರೆ ಸೋತಿರಿ. ಕೈಬೆರಳಲ್ಲಿ ಎಣಿಸುವಷ್ಟು ಆಟಗಳನ್ನೇ ಪಟ್ಟಿಯಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರು. ಒಂದು ಕಡೆ ಮಾರಿಯೋ ಮೊದಲ ಹಂತದಿಂದ ಶುರು, ಇನ್ನೊಂದು ಕಡೆ ನಾಲ್ಕನೇ ಹಂತದಿಂದ. ಮಾರಿಯೋ ಆಟ ಇಡಿಯಾಗಿ ಹಿಡಿಯೋದು 40 ಕಿಲೋಬೈಟ್ ಮಾತ್ರ. ಪಟ್ಟಿ ಉದ್ದ ಮಾಡೋದು ಇನ್ನೂ ಅಗ್ಗ.

ಅಂದ ಹಾಗೆ, ಆ ಕ್ಯಾಸೆಟ್ ಹಾಕಿ ಆಡುವ ಯಂತ್ರವೂ ನಕಲೇ. ಅಸಲಿ ಅಂದ್ರೆ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್, ಜಪಾನಿನಲ್ಲಿ 1983ರ ಜುಲೈನಲ್ಲಿ ಬಂದದ್ದು. ಕ್ಯಾಸೆಟ್ಟಿಗೆ 60 ಪಿನ್ನು. ನಮ್ಮಲ್ಲಿ ಸಿಗುತ್ತಿದ್ದ ಅಗ್ಗದವನ್ನು ಬಿಚ್ಚಿದರೆ ಬೋರ್ಡಿನ ನಡುವೆ ಒಂದು ಕರೀ ಅಂಟಿನ ಗುಪ್ಪೆ. ಮುಖ್ಯ ಚಿಪ್ಪುಗಳ ಕೆಲಸವೆಲ್ಲ ಅದರಡಿಯ ಒಂದೇ ಚಿಪ್ಪಿನಲ್ಲಿ. ಅದು ಹೋದರೆ ನನ್ನಂಥವರಿಗೆ ಕೆಲಸವೇ ಇಲ್ಲ. ವೈರು ಕಿತ್ತಿದ್ದರೆ, ಸ್ವಿಚ್ ಹೋಗಿದ್ದರೆ ತನ್ನಿ.

ಪ್ರಶ್ನೆ: ಕ್ಯಾಸೆಟ್ಟಿಗೆ ಬಾಯಿಂದ ಊದಿದರೆ ಆಟ ಬರುತ್ತಿತ್ತಲ್ಲ, ಯಾಕೆ? (ನವನಗರ, ಬಾಗಲಕೋಟೆ)

ಉತ್ತರ: ಊದಿದ್ದಕ್ಕಲ್ಲ. ತೆಗೆದು ಮತ್ತೆ ಹಾಕಿದಾಗ ಪಿನ್ನು ಸರಿಯಾಗಿ ಕೂತದ್ದಕ್ಕೆ. ಬಾಯಿಯ ತೇವ ತಾಗಿ ತಾಗಿ ಪಿನ್ನಿಗೆ ಕಿಲುಬು ಹಿಡಿಯುತ್ತೆ. ಇಯರ್ ಬಡ್ಸಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಅಡಾಪ್ಟರ್ ಬದಲಿಸೋದಿದ್ದರೆ ವೋಲ್ಟು ನೋಡಿದರೆ ಸಾಲದು, ಪಿನ್ನಿನ ಪ್ಲಸ್ ಮೈನಸ್ಸನ್ನೂ ಹಳೇದರ ಜೊತೆ ತಾಳೆ ನೋಡಿ.