ಕ್ವಾರ್ಟರ್‌ಬ್ಯಾಕ್ ಮೊದಲೋ, ಲೈನ್ ಮೊದಲೋ?

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಿಂದ ಓದುಗರೊಬ್ಬರು ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆದಿದ್ದಾರೆ: "ಡ್ರಾಫ್ಟ್ ಹತ್ತಿರ ಬಂತು ಅಂದ್ರೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಜಗಳ ಶುರು. ಸೋತು ಸುಣ್ಣವಾದ ತಂಡ ಮೊದಲು ಒಳ್ಳೇ ಕ್ವಾರ್ಟರ್‌ಬ್ಯಾಕ್‌ನನ್ನು ತರಬೇಕು ಅಂತಾನೆ ಮಗ. ಕಾಯೋಕೆ ಲೈನೇ ಇಲ್ಲದಿದ್ರೆ ಅವನನ್ನು ತಂದು ಏನು ಮಾಡೋದು ಅಂತೀನಿ ನಾನು. 2021ರಲ್ಲಿ ಬೆಂಗಾಲ್ಸ್ ತಂಡ ಟ್ಯಾಕಲ್ ಪೆನೇ ಸೂಯೆಲ್‌ರನ್ನು ಬಿಟ್ಟು ರಿಸೀವರ್ ಜಮಾರ್ ಚೇಸ್‌ರನ್ನು ಆರಿಸಿದ್ದನ್ನು ಇವತ್ತಿಗೂ ಒಪ್ಪಲ್ಲ. ನೀವೇ ತೀರ್ಪು ಕೊಡಿ."

ಸಂಪಾದಕರ ಉತ್ತರ:

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಚಂದಾ ನಿಲ್ಲಿಸಿದರೂ ಸರಿ. ಮುಕ್ಕಾಲು ಪಾಲು ನಿಮ್ಮ ಮಗ ಹೇಳುವುದೇ ಸರಿ. ಆದರೆ ಅವನು ಗಮನಿಸದ ಆ ಕಾಲು ಪಾಲಿನಲ್ಲೇ ಎಷ್ಟೋ ತಂಡಗಳು ಮುಳುಗಿವೆ.

ಈ ಆಟ ನೋಡದ ಓದುಗರಿಗಾಗಿ ಎರಡು ಮಾತು. ಚೆಂಡು ಕೈಗೆ ಬಂದ ಮೇಲೆ ಯಾರಿಗೆ ಎಸೆಯಬೇಕು ಅಂತ ನೋಡಲು ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಹೆಚ್ಚೂಕಮ್ಮಿ ಮೂರು ಸೆಕೆಂಡ್. ಅಷ್ಟು ಹೊತ್ತು ಎದುರಾಳಿಗಳನ್ನು ತಡೆಯುವ ಐದು ಜನ ದಢೂತಿ ಆಟಗಾರರೇ ಲೈನ್. ಅವರು ಸೋತರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ಅದೇ ಸ್ಯಾಕ್. ಲೈನ್‌ನ ಎರಡು ತುದಿಯಲ್ಲಿ ನಿಲ್ಲುವವರು ಟ್ಯಾಕಲ್, ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವರು ರಿಸೀವರ್. ಡ್ರಾಫ್ಟ್ ಅಂದರೆ ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು. ಐಪಿಎಲ್ ಹರಾಜಿನ ಹಾಗೆ ಇಲ್ಲಿ ದುಡ್ಡು ಕೂಗುವಂತಿಲ್ಲ. ಹಿಂದಿನ ಸೀಸನ್‌ನಲ್ಲಿ ಕೊನೆಗೆ ಬಿದ್ದವರಿಗೆ ಮೊದಲ ಸರದಿ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2002ರಲ್ಲಿ ಹೊಸದಾಗಿ ಶುರುವಾದ ಹ್ಯೂಸ್ಟನ್ ಟೆಕ್ಸನ್ಸ್ ತನ್ನ ಮೊದಲ ಆಯ್ಕೆಯಾಗಿ ಡೇವಿಡ್ ಕಾರ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. ಲೈನ್ ಹೆಸರಿಗೆ ಮಾತ್ರ ಇತ್ತು. ಆ ಒಂದೇ ಸೀಸನ್‌ನಲ್ಲಿ ಕಾರ್ 76 ಸಲ ಸ್ಯಾಕ್ ಆದರು. ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ.

ನಿಮ್ಮ ಒಹಾಯೊಗೇ ಬರೋಣ. ಕೊಲಂಬಸ್‌ನ ಒಂದು ಕಡೆ ಸಿನ್ಸಿನಾಟಿ, ಇನ್ನೊಂದು ಕಡೆ ಕ್ಲೀವ್‌ಲ್ಯಾಂಡ್. ನಿಮ್ಮ ಮನೆಯ ಜಗಳ ಆ ಎರಡು ಊರುಗಳಲ್ಲಿ ಮೈದಾನದ ಮೇಲೇ ನಡೆದುಹೋಗಿದೆ.

ಸಿನ್ಸಿನಾಟಿಯ ಬೆಂಗಾಲ್ಸ್ 2020ರಲ್ಲಿ ಮೊದಲ ಆಯ್ಕೆಯಾಗಿ ಕ್ವಾರ್ಟರ್‌ಬ್ಯಾಕ್ ಜೋ ಬರೋ ಅವರನ್ನು ತಂದಿತು. ಆ ನವೆಂಬರ್‌ನಲ್ಲೇ ಅವರ ಎಡ ಮಂಡಿ ಹೋಯಿತು. ಲೈನ್ ಸರಿಮಾಡಿ ಅಂತ ಊರೆಲ್ಲ ಬಾಯಿ ಬಡಿದುಕೊಂಡರೂ 2021ರ ಐದನೇ ಆಯ್ಕೆ ಚೇಸ್. ಸೂಯೆಲ್ ಏಳನೆಯವರಾಗಿ ಡೆಟ್ರಾಯಿಟ್‌ಗೆ ಹೋದರು. ಆ ಸೀಸನ್‌ನಲ್ಲಿ ಬರೋ 51 ಸಲ ಸ್ಯಾಕ್ ಆದರು. ಪ್ಲೇಆಫ್‌ನಲ್ಲಿ ಟೆನೆಸಿ ವಿರುದ್ಧ ಒಂದೇ ಪಂದ್ಯದಲ್ಲಿ ಒಂಬತ್ತು ಸಲ. ಆದರೂ 19-16ರಲ್ಲಿ ಗೆದ್ದರು! ಸೂಪರ್ ಬೌಲ್‌ನಲ್ಲಿ, ಅಂದರೆ ಫೈನಲ್‌ನಲ್ಲಿ, ರ್‍ಯಾಮ್ಸ್ ವಿರುದ್ಧ ಏಳು ಸಲ.

ಆ ಪಂದ್ಯದ ಕೊನೇ ಗಳಿಗೆ ನಿಮಗೆ ನೆನಪಿರಬಹುದು. ಒಂದು ನಿಮಿಷವೂ ಉಳಿದಿಲ್ಲ, ಸಿನ್ಸಿನಾಟಿ ಮೂರು ಪಾಯಿಂಟ್ ಹಿಂದೆ, ನಾಲ್ಕನೇ ಡೌನ್ (ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು), ಬೇಕಿದ್ದದ್ದು ಒಂದೇ ಗಜ. ಆ ಬದಿಯಲ್ಲಿ ಚೇಸ್ ತಮ್ಮ ಬೆನ್ನಿಗಿದ್ದ ಎದುರಾಳಿ ಜೇಲೆನ್ ರಾಮ್ಸಿಯನ್ನು ಹಿಂದೆ ಹಾಕಿ ಖಾಲಿ ಜಾಗಕ್ಕೆ ಓಡುತ್ತಿದ್ದಾರೆ. ಅತ್ತ ನೋಡುವಷ್ಟೂ ಪುರುಸೊತ್ತು ಬರೋಗೆ ಸಿಗಲಿಲ್ಲ. ಎದುರಾಳಿ ಆರನ್ ಡೊನಾಲ್ಡ್ ಲೈನ್ ದಾಟಿ ಬಂದು ಹಿಡಿದು ತಿರುಗಿಸಿಬಿಟ್ಟರು. ಚೆಂಡು ಎಲ್ಲೋ ಬಿತ್ತು, 23-20ರಲ್ಲಿ ಸೋಲು.

ನೋಡಿ, ನಾನು ಹೇಳಿದ್ದು ಇದನ್ನೇ ಅಂತೀರಿ, ಅಲ್ವಾ? ಸ್ವಲ್ಪ ತಡೆಯಿರಿ. ಅದಕ್ಕೂ ಮೊದಲು 31 ವರ್ಷ ಆ ತಂಡ ಒಂದೇ ಒಂದು ಪ್ಲೇಆಫ್ ಪಂದ್ಯ ಗೆದ್ದಿರಲಿಲ್ಲ. ಅಂಥ ತೂತು ಲೈನ್ ಇಟ್ಟುಕೊಂಡು ಸೂಪರ್ ಬೌಲ್ ತನಕ ಹೋದದ್ದು ಬರೋ ಇದ್ದರು ಅಂತಲೇ.

ಈಗ ಕ್ಲೀವ್‌ಲ್ಯಾಂಡ್. ಬ್ರೌನ್ಸ್ 2007ರಲ್ಲಿ ಮೂರನೇ ಆಯ್ಕೆಯಾಗಿ ಲೆಫ್ಟ್ ಟ್ಯಾಕಲ್ ಜೋ ಥಾಮಸ್‌ರನ್ನು ತಂದಿತು. ನೀವು ಕೇಳುವಂಥ ಆಯ್ಕೆಯೇ. ಚೆಂಡು ಆಟಕ್ಕೆ ಬರುವ ಒಂದೊಂದು ಸರದಿಯೂ ಒಂದು ಸ್ನ್ಯಾಪ್; ಥಾಮಸ್ ಒಂದೂ ಬಿಡದೆ ಸತತ 10,363 ಸ್ನ್ಯಾಪ್ ಆಡಿದರು. ವರ್ಷದ ಶ್ರೇಷ್ಠ ಆಟಗಾರರಿಗೆ ಸಿಗುವ ಪ್ರೋ ಬೌಲ್ ಗೌರವ ಹತ್ತು ಸಲ, ಈಗ ದಿಗ್ಗಜರ ಹಾಲ್ ಆಫ್ ಫೇಮ್. ಆದರೆ ಒಂದೇ ಒಂದು ಪ್ಲೇಆಫ್ ಪಂದ್ಯ ಆಡುವ ಯೋಗ ಬರಲಿಲ್ಲ. ಅವರ ಹಿಂದೆ ಕ್ವಾರ್ಟರ್‌ಬ್ಯಾಕ್‌ಗಳು ಛತ್ರದಲ್ಲಿ ತಂಗಿದವರ ಹಾಗೆ ಬಂದು ಹೋಗುತ್ತಲೇ ಇದ್ದರು. ಗೋಡೆ ಗಟ್ಟಿ, ಒಳಗೆ ಯಾರೂ ಇಲ್ಲ.

ಹಾಗೆ ಬಂದವರಲ್ಲಿ ಒಬ್ಬರ ಕಥೆ ಹೇಳಲೇಬೇಕು. 2014ರ ಡ್ರಾಫ್ಟ್. ಟೆಕ್ಸಸ್‌ನವರ ಕಣ್ಮಣಿ ಜಾನಿ ಮ್ಯಾನ್ಜೆಲ್ ಇನ್ನೂ ಯಾರ ಪಾಲಿಗೂ ಹೋಗಿಲ್ಲ, ಡಲ್ಲಾಸ್ ಕೌಬಾಯ್ಸ್‌ನ ಸರದಿ ಬಂತು, 16ನೇ ಆಯ್ಕೆ. ಮಾಲೀಕ ಜೆರ್ರಿ ಜೋನ್ಸ್‌ಗೆ ಆ ಹುಡುಗನ ಮೇಲೆ ಮನಸ್ಸು. ಬೇಡ ಅಂತ ತಡೆದವರಲ್ಲಿ ಮುಂದೆ ನಿಂತವರು ಅವರ ಮಗ ಸ್ಟೀಫನ್. ನಿಮ್ಮ ಮನೆಗೆ ಪೂರ್ತಿ ಉಲ್ಟಾ! ಡಲ್ಲಾಸ್ ತೆಗೆದುಕೊಂಡದ್ದು ಲೈನ್ ಆಟಗಾರ ಜ್ಯಾಕ್ ಮಾರ್ಟಿನ್‌ರನ್ನು. ಅವರು ಮುಂದೆ ಒಂಬತ್ತು ಸಲ ಪ್ರೋ ಬೌಲ್‌ಗೆ ಹೋದರು. ಮ್ಯಾನ್ಜೆಲ್ 22ನೇ ಆಯ್ಕೆಯಾಗಿ ಕ್ಲೀವ್‌ಲ್ಯಾಂಡ್‌ಗೆ ಹೋದರು. ಕಾಯಲು ಥಾಮಸ್ ಇದ್ದರೂ ಎರಡೇ ಸೀಸನ್‌ಗೆ ಆಟ ಮುಗಿಯಿತು.

ನಿಮ್ಮ ಮಗ ಗಮನಿಸದ ಕಾಲು ಪಾಲು ಇದೇ. ಜಾಗ ಖಾಲಿ ಇದೆ ಅಂತ ಕ್ವಾರ್ಟರ್‌ಬ್ಯಾಕ್‌ನನ್ನು ತರಬಾರದು. ಇವನೇ ಅಂತ ನಿಮ್ಮ ಕೋಚ್‌ಗೆ ಗಟ್ಟಿ ನಂಬಿಕೆ ಇದ್ದರೆ ಮಾತ್ರ ತನ್ನಿ. ಇಲ್ಲದಿದ್ದರೆ ಕಣ್ಣು ಮುಚ್ಚಿಕೊಂಡು ಟ್ಯಾಕಲ್ ತೆಗೆದುಕೊಳ್ಳಿ.

ಆದರೆ ನಂಬಿಕೆ ಇದ್ದಾಗ ಲೈನ್ ನೆಪ ಹೇಳಿ ಅವನನ್ನು ಬಿಡುವುದು ದಡ್ಡತನ. ಕಾರಣ ದುಡ್ಡು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ. ಮರುವರ್ಷ ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಅಂದರೆ ಹೊಸ ಕ್ವಾರ್ಟರ್‌ಬ್ಯಾಕ್ ಮೊದಲ ನಾಲ್ಕು ವರ್ಷ ಅಗ್ಗ. ಉಳಿದ ದುಡ್ಡನ್ನು ಲೈನ್‌ಗೆ ಸುರಿಯಬಹುದು, ಸುರಿಯಲೇಬೇಕು. ಒಳ್ಳೆಯ ಲೈನ್ ಆಟಗಾರರು ಮಾರುಕಟ್ಟೆಯಲ್ಲೂ ಸಿಗುತ್ತಾರೆ, ಕೊನೇ ರೌಂಡ್‌ಗಳಲ್ಲೂ ಸಿಗುತ್ತಾರೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಹಾಗೆ ಸಿಗುವುದು ಅಪರೂಪ. ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 199ನೇ ಆಯ್ಕೆ ಅನ್ನಬೇಡಿ, ಅಂಥದ್ದು ದಿನಾ ಆಗಲ್ಲ.

ಲೈನ್ ಅನ್ನು ಬೇಗ ಕಟ್ಟಬಹುದು ಅನ್ನುವುದಕ್ಕೆ ಕ್ಯಾನ್ಸಸ್ ಸಿಟಿಯೇ ಸಾಕ್ಷಿ. 2021ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಎರಡೂ ಕಡೆಯ ಟ್ಯಾಕಲ್‌ಗಳು ಗಾಯಾಳು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಪಂದ್ಯವಿಡೀ ಜೀವ ಉಳಿಸಿಕೊಳ್ಳಲು ಓಡಿದರು, 31-9ರ ಸೋಲು. ಮುಂದಿನ ಸೀಸನ್ ಶುರುವಾಗುವ ಹೊತ್ತಿಗೆ ಐದೂ ಜಾಗದಲ್ಲಿ ಹೊಸ ಮುಖ. ಜೋ ಟೂನಿಯನ್ನು ದುಡ್ಡು ಕೊಟ್ಟು ತಂದರು, ಒರ್ಲ್ಯಾಂಡೊ ಬ್ರೌನ್‌ರನ್ನು ಬೇರೆ ತಂಡದಿಂದ ಬದಲಿಸಿಕೊಂಡರು. ಕ್ರೀಡ್ ಹಂಫ್ರಿ ಎರಡನೇ ರೌಂಡ್, ಟ್ರೇ ಸ್ಮಿತ್ ಆರನೇ ರೌಂಡ್. ಎರಡು ವರ್ಷದ ಮೇಲೆ, ಆ ಸೀಸನ್‌ನಲ್ಲಿ 70 ಸ್ಯಾಕ್ ಮಾಡಿದ್ದ ಫಿಲಡೆಲ್ಫಿಯ ಸೂಪರ್ ಬೌಲ್‌ನಲ್ಲಿ ಮಹೋಮ್ಸ್‌ರನ್ನು ಒಂದು ಸಲವೂ ಸ್ಯಾಕ್ ಮಾಡಲಾಗಲಿಲ್ಲ.

ಹಾಗಾಗಿ ಚೇಸ್ ವಿಷಯದಲ್ಲಿ ನಾನು ನಿಮ್ಮ ಕಡೆ ಇಲ್ಲ. ಐದನೇ ಆಯ್ಕೆ ಸರಿಯೇ ಇತ್ತು. ಎಡವಿದ್ದು ಅದರ ಮುಂದಿನ ಸರದಿಯಲ್ಲಿ. ಎರಡನೇ ರೌಂಡ್‌ನಲ್ಲಿ ಲೈನ್‌ಗೆಂದೇ ತಂದ ಜ್ಯಾಕ್ಸನ್ ಕಾರ್ಮನ್ ನಿಲ್ಲಲಿಲ್ಲ. ಮಾರುಕಟ್ಟೆಯಿಂದ ಮೂವರನ್ನು ಒಟ್ಟಿಗೆ ತಂದದ್ದು 2022ರಲ್ಲಿ, ಸೂಪರ್ ಬೌಲ್ ಕೈತಪ್ಪಿದ ಮೇಲೆ.

ಶಿಕಾಗೊ ಅಷ್ಟು ಕಾಯಲಿಲ್ಲ. 2024ರ ಮೊದಲ ಆಯ್ಕೆ ಕ್ಯಾಲೆಬ್ ವಿಲಿಯಮ್ಸ್ ಮೊದಲ ಸೀಸನ್‌ನಲ್ಲೇ 68 ಸಲ ಸ್ಯಾಕ್ ಆದರು. ಕೆಲವು ಅವರೇ ಚೆಂಡು ಹಿಡಿದುಕೊಂಡು ನಿಂತು ತಂದುಕೊಂಡವು, ಅದನ್ನೂ ಲೈನ್ ತಲೆಗೆ ಕಟ್ಟಬಾರದು. ಆದರೂ 2025ರ ಮಾರ್ಚ್‌ನಲ್ಲಿ ಆ ತಂಡ ಲೈನ್‌ನ ನಡುಭಾಗಕ್ಕೆ ಮೂವರನ್ನು ಹೊಸದಾಗಿ ತಂದಿತು. ಒಬ್ಬರೂ ಡ್ರಾಫ್ಟ್‌ನಿಂದ ಬಂದವರಲ್ಲ. ಅವರಲ್ಲಿ ಒಬ್ಬರು ಕ್ಯಾನ್ಸಸ್ ಸಿಟಿಯ ಅದೇ ಜೋ ಟೂನಿ.